ಹುಳದ ಮನೆಗೆ ಬಂದ ಬಾಣಂತಿ

ಮಮತಾ ಹುಟ್ಟಿದ ಮನೆಯಲ್ಲಿ ಯಜಮಾನಿಕೆ ರೇಷ್ಮೆ ಹುಳಗಳದು. ಮನುಷ್ಯರು ಬಾಡಿಗೆಗೆ ಇದ್ದವರ ಹಾಗೆ ಇದ್ದರು. ಇದು ಅವಳೇ ಹೇಳುವ ಮಾತು. ಹೇಳಿ ನಗುತ್ತಾಳೆ, ಆದರೆ ನಗು ಪೂರ್ತಿಯಾಗುವ ಮೊದಲೇ ಮುಖ ಗಂಟಿಕ್ಕಿಕೊಳ್ಳುತ್ತದೆ. ರಾಯದುರ್ಗದ ಓಣಿಯಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತ ಅವಳು ತವರಿನ ಸುದ್ದಿ ತೆಗೆದಳೆಂದರೆ, ಪಕ್ಕದ ಮೆಷಿನ್ನಿನ ಹೆಂಗಸರು ಪೆಡಲಿನಿಂದ ಕಾಲು ತೆಗೆದು ಕೇಳುತ್ತಾರೆ. ಹೊಲಿಯುವುದು ನಿಂತಿತೆಂದು ಗಂಡ ಚೌಡೇಶ ಒಳಗಿನಿಂದ ಕೆಮ್ಮುತ್ತಾನೆ. ಆ ಕೆಮ್ಮಿಗೆ ಯಾರೂ ಬೆಲೆ ಕೊಡುವುದಿಲ್ಲ.

ಅವಳ ಊರು ರೊಳ್ಳದಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿ. ಮೇಲ್ಗಡೆ ಕಡಲೆಕಾಯಿ ಹೊಲ, ಕೆಳಗೆ ರಾಗಿ, ಬಾವಿಯೋ ಬೋರೋ ಇದ್ದವರಿಗೆ ರೇಷ್ಮೆ ಸೊಪ್ಪಿನ ತೋಟ. ಅವಳಪ್ಪ ಲಕ್ಷ್ಮೀನರಸಪ್ಪನಿಗೆ ತೋಟವಿತ್ತು. ಮನೆ ಮಾತ್ರ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ. ಹುಳ ಬಂತೆಂದರೆ ಪಡಸಾಲೆ ಅವುಗಳ ಪಾಲು. ದೊಡ್ಡದಾಗುತ್ತ ಹೋದಂತೆ ಕೋಣೆಯೂ ಅವುಗಳ ಪಾಲು. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಏರುತ್ತಿದ್ದವು. ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತಿದ್ದರು. ಇರುವೆಗೆ ಆ ಕಟ್ಟುಪಾಡಾದರೆ, ಮನುಷ್ಯರಿಗೆ ಅದಕ್ಕಿಂತ ಹೆಚ್ಚಿನದು. ಮಮತಾ ಮತ್ತು ಅವಳ ತಮ್ಮ ನರೇಶ ಜಗಲಿಯ ಮೇಲೆ ಚಾಪೆ ಹಾಕಿ ಮಲಗುತ್ತಿದ್ದರು. ಮಳೆ ಬಂದರೆ ಚಾಪೆಯನ್ನು ಗೋಡೆಗೆ ಒತ್ತಿ, ಕೋಳಿಗಳ ಜೊತೆ ಮುದುರಿಕೊಳ್ಳುತ್ತಿದ್ದರು. ಒಳಗೆ ಹೋಗಬೇಕಾದರೆ ಕೈಕಾಲು ತೊಳೆಯಬೇಕು, ತೊಳೆದದ್ದನ್ನು ಅಪ್ಪನಿಗೆ ತೋರಿಸಬೇಕು.

ಹುಳಕ್ಕೆ ಹೊಗೆ ಆಗದು, ಘಾಟು ಆಗದು. ಎಲೆ ಅಡಿಕೆ ಹಾಕಿಕೊಂಡವರು, ಬೀಡಿ ಸೇದಿದವರು, ಸೂತಕದ ಮನೆಯಿಂದ ಬಂದವರು, ಹೆರಿಗೆಯಾದ ಪುರುಡಿನ ಮನೆಗೆ ಹೋಗಿಬಂದವರು, ಯಾರೂ ಹೊಸಿಲು ದಾಟುವಂತಿಲ್ಲ. ತಿಪ್ಪೇರುದ್ರಪ್ಪನೆಂಬ ದೂರದ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದವರು, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಜಗಲಿ ಹತ್ತಿದ್ದರು. ಲಕ್ಷ್ಮೀನರಸಪ್ಪ ಅವರನ್ನು ಬೀದಿಯ ಆಚೆ ಬದಿಗೆ ನಿಲ್ಲಿಸಿ, ಅಲ್ಲಿಂದಲೇ ಲಗ್ನದ ದಿನ ಕೂಗಿ ಹೇಳಲು ಹೇಳಿದ. ಅವರು ಕೂಗಿದರು. ಊರಿಗೆಲ್ಲ ಕೇಳಿಸಿತು. ಕರೆಯದವರೂ ಮದುವೆಗೆ ಹೋಗಿ ಉಂಡು ಬಂದರು. ತಿಪ್ಪೇರುದ್ರಪ್ಪ ಆ ಸಿಟ್ಟನ್ನು ಬದುಕಿರುವವರೆಗೂ ಬಿಡಲಿಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಊಟ. ತಾಯಿ ತಿಪ್ಪಮ್ಮ ಹುಳ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಹಾಕುತ್ತಿರಲಿಲ್ಲ. ಬೇಯಿಸಿದ ಕಾಳು, ಬೇಯಿಸಿದ ಸೊಪ್ಪು, ಮುದ್ದೆ. ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಬೆಳ್ಳುಳ್ಳಿ ಸುಡುವ ಹಾಗಿಲ್ಲ. ಸಪ್ಪೆ ಸಾರಿಗೆ ಮುದ್ದೆ ಅದ್ದಿ ಅದ್ದಿ ಮಕ್ಕಳ ನಾಲಿಗೆ ಸತ್ತೇ ಹೋಗುತ್ತಿತ್ತು. ನರೇಶ ಒಮ್ಮೆ ಸ್ಕೂಲಿನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿಂದು ಬಂದ. ಅಪ್ಪ ಬಾಗಿಲಲ್ಲೇ ಅವನ ಕೈ ಮೂಸಿ ನೋಡಿ, ಸಂಜೆಯವರೆಗೆ ಬೇವಿನ ಮರದ ಕೆಳಗೆ ಕೂರಿಸಿದ. ಹುಡುಗ ಅಳಲಿಲ್ಲ. ಬಜ್ಜಿ ಅಷ್ಟು ಚೆನ್ನಾಗಿತ್ತಂತೆ.

ಹುಳ ಮೇಯುವ ಸದ್ದು ಮಳೆ ಬಂದ ಹಾಗೆ ಅನ್ನುತ್ತಾರೆ. ಮಮತಾಗೆ ಎಂದೂ ಹಾಗನ್ನಿಸಿರಲಿಲ್ಲ. ಪಕ್ಕದಲ್ಲಿ ಯಾರೋ ಬಿಡುವಿಲ್ಲದೆ ಚುರುಮುರಿ ತಿನ್ನುತ್ತಿದ್ದು, ತನಗೆ ಒಂದು ಹಿಡಿಯೂ ಕೊಡದ ಹಾಗೆ ಅನ್ನಿಸುತ್ತಿತ್ತು. ಅದಕ್ಕಿಂತ ಅವಳನ್ನು ಚುಚ್ಚುತ್ತಿದ್ದದ್ದು ಅಪ್ಪನ ದನಿ. ಮಾತಿನಲ್ಲಿ ಬಲು ಒರಟ ಲಕ್ಷ್ಮೀನರಸಪ್ಪ. ಹೆಂಡತಿಯನ್ನು ಕರೆದರೆ ತೋಟದಾಚೆಗೂ ಕೇಳಬೇಕು. ಅಂಥವನು ತಟ್ಟೆಗೆ ಸೊಪ್ಪು ಉದುರಿಸುವಾಗ, “ಏಳ್ರವ್ವ, ಉಣ್ರವ್ವ, ಎಳೇ ಸೊಪ್ಪು ತಂದಿವ್ನಿ” ಎಂದು ಪಿಸುಗುಡುತ್ತಿದ್ದ. ಆ ದನಿಯಲ್ಲಿ ತನ್ನನ್ನೊಮ್ಮೆ ಕರೆದಾನೆಂದು ಮಮತಾ ಕಿಟಕಿಯ ಹೊರಗೆ ನಿಂತು ಎಷ್ಟೋ ದಿನ ಕಾದಿದ್ದಳು. ಕರೆಯಲಿಲ್ಲ.

ಒಳ್ಳೆಯ ದಿನಗಳೂ ಇದ್ದವು, ಇಲ್ಲವೆಂದರೆ ಪಾಪ ಬರುತ್ತದೆ. ಹುಳ ನಾಲ್ಕನೇ ಬಾರಿ ಚರ್ಮ ಕಳಚಿ, ವಾರವೆಲ್ಲ ಬಕಾಸುರನಂತೆ ಮೇಯ್ದು, ಮೈ ಜೇನಿನ ಬಣ್ಣಕ್ಕೆ ತಿರುಗಿದಾಗ ಹುಳ ಹಣ್ಣಾಯಿತು ಅನ್ನುತ್ತಾರೆ. ಆಗ ಕೇರಿಯ ಹೆಂಗಸರು ಮಕ್ಕಳೆಲ್ಲ ಬಂದು ಕೂತು, ಹಣ್ಣಾದದ್ದನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ಚಾಪೆಗೆ ಬಿಡುತ್ತಿದ್ದರು. ಮಮತಾಳ ಬೆರಳು ಚುರುಕು. ಗೂಡು ಬಿಡಿಸಿ ಹಿಂದೂಪುರದ ಮಾರ್ಕೆಟ್ಟಿಗೆ ಹೋದ ದಿನ ಅಪ್ಪ ಬರುವಾಗ ಖಾರ, ಜಿಲೇಬಿ, ಒಮ್ಮೊಮ್ಮೆ ಲಂಗದ ಬಟ್ಟೆ ತರುತ್ತಿದ್ದ. ಅಂದು ಸಂಜೆ ತಿಪ್ಪಮ್ಮ ಒಲೆಯ ಮುಂದೆ ಕೂತು ಹಾಕುತ್ತಿದ್ದ ಒಗ್ಗರಣೆಯ ಘಾಟಿಗೆ ಎದುರು ಮನೆಯವರು ಸೀನುತ್ತಿದ್ದರು. ಸೀನಿ, ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು.

ಮಮತಾಳನ್ನು ರಾಯದುರ್ಗಕ್ಕೆ ಕೊಟ್ಟರು. ಹೊಲಿಗೆಯವರ ಮನೆ. ಅತ್ತೆ ಪದ್ಮಾವತಮ್ಮ ಬಾಯಿ ಜೋರಿನ ಹೆಂಗಸು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವಳಲ್ಲ. ಹೊಸ ಸೊಸೆಗೆ ಮೊದಲ ದಿನ ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟಾಗ, ಅವಳು ಬಟ್ಟಲಿಗೆ ಮೂಗು ಹಚ್ಚಿ ಕೂತದ್ದನ್ನು ಕಂಡು, “ಯಾಕವಾ, ಮೂಸಾಕ ಕೊಟ್ಟೀನೇನು? ತಿನ್ನಾಕ ಕೊಟ್ಟೀನಿ” ಅಂದಿದ್ದಳು. ಆ ಮನೆಯ ಊಟ, ಮಾತು, ಮೆಷಿನ್ನಿನ ಸದ್ದು, ಬಟ್ಟೆಯಿಂದ ಏಳುವ ನೀಲಿ ಧೂಳು, ಎಲ್ಲಕ್ಕೂ ಮಮತಾ ಒಗ್ಗಿಕೊಂಡಳು. ಸಿಟ್ಟು ಬಂದಾಗ ಮಾತ್ರ ರೊಳ್ಳದ ಮಾತೇ ಬಾಯಿಗೆ ಬರುತ್ತಿತ್ತು.

ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಹೆರಿಗೆಯ ಹೊತ್ತಿಗೆ ಹುಳ ಇಳಿದು ಮನೆ ಖಾಲಿಯಾಗಿರುತ್ತದೆಂದು ಲಕ್ಷ್ಮೀನರಸಪ್ಪ ಲೆಕ್ಕ ಹಾಕಿದ್ದ. ಮಗು ಆ ಲೆಕ್ಕ ಕೇಳಲಿಲ್ಲ. ಒಂದು ತಿಂಗಳು ಮೊದಲೇ ನೋವು ಬಂತು. ಮಡಕಶಿರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅದೇ ವನಿತಾ. ಹುಳ ಆಗತಾನೇ ನಾಲ್ಕನೇ ಸಲ ಚರ್ಮ ಕಳಚಿ ಎದ್ದು, ಮೇವಿಗೆ ಬಾಯಿ ಬಿಡುತ್ತಿದ್ದವು.

ಲಕ್ಷ್ಮೀನರಸಪ್ಪ ಆಸ್ಪತ್ರೆಯ ಒಳಗೆ ಬರಲಿಲ್ಲ. ಪುರುಡಿನ ಗಾಳಿ ಹುಳಕ್ಕೆ ತಾಗಬಾರದಲ್ಲ. ಗೇಟಿನ ಹತ್ತಿರ ನಿಂತು, ಮಗಳಿಗೆ ಹೇಳಬೇಕಾದ್ದನ್ನು, ಸುದ್ದಿ ತಿಳಿದು ಬಂದಿದ್ದ ಬೀಗಿತ್ತಿಗೆ ಹೇಳಿದ.

“ಮನೆ ತುಂಬ ಹುಳ ಐತೆ ಬೀಗಿತ್ತಿ. ಬಾಣಂತಿ ನೀರು ಕಾಯ್ಸೋ ಒಲೆ, ಬೆಳ್ಳುಳ್ಳಿ, ಖಾರ, ಇವೆಲ್ಲ ಅಲ್ಲಿ ಆಗಕಿಲ್ಲ. ಎಂಟತ್ತು ದಿನ ರಾಯದುರ್ಗಕ್ಕೆ ಕರ್ಕಂಡು ಹೋಗ್ರಿ. ಗೂಡು ಬಿಡಿಸಿದ ಮಾರನೆ ದಿನ ನಾನೇ ಬಂದು ಕರ್ಕಂಬತ್ತೀನಿ.”

ಪದ್ಮಾವತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಏನ್ರಿ ಬೀಗರ, ಹುಳಕ್ಕ ಮನಿ ಐತಿ, ಹಡದ ಮಗಳಿಗೆ ಇಲ್ಲೇನ್ರಿ? ಇರ್ಲಿ ಬಿಡ್ರಿ. ನಮ್ಮ ಮನಿ ಇನ್ನಾ ಬಿದ್ದಿಲ್ಲ.”

ಹಸಿ ಬಾಣಂತಿಯನ್ನೂ ಹಸುಗೂಸನ್ನೂ ಜೀಪಿನಲ್ಲಿ ಮಲಗಿಸಿಕೊಂಡು ಕಲ್ಯಾಣದುರ್ಗದ ದಾರಿಯಲ್ಲಿ ರಾಯದುರ್ಗಕ್ಕೆ ಕರೆತಂದರು. ದಾರಿಯುದ್ದಕ್ಕೂ ಗುಂಡಿ. ಪ್ರತಿ ಗುಂಡಿಗೂ ಮಮತಾ ಹಲ್ಲು ಕಚ್ಚಿಕೊಂಡಳು. ತಿಪ್ಪಮ್ಮ ಹಿಂದಿನ ಸೀಟಿನಲ್ಲಿ ಅಳುತ್ತ ಕೂತಿದ್ದಳು. ಅಳುವ ತಾಯಿಯ ಮೇಲೆ ಮಮತಾಗೆ ಸಿಟ್ಟು ಬರಲಿಲ್ಲ. ಎಲ್ಲ ಸಿಟ್ಟೂ ಗೇಟಿನ ಹತ್ತಿರ ನಿಂತವನಿಗೇ ಹೋಯಿತು.

ಲಕ್ಷ್ಮೀನರಸಪ್ಪ ಮಾತಿಗೆ ತಪ್ಪಲಿಲ್ಲ, ಗೂಡು ಬಿಡಿಸಿದ ಮಾರನೆಯ ದಿನವೇ ರಾಗಿ, ಬೆಲ್ಲ, ಮಗುವಿಗೆ ಕುಲಾವಿ ಎಲ್ಲ ಹೊತ್ತುಕೊಂಡು ಬಂದ. ಮಮತಾ ಹೋಗಲಿಲ್ಲ. ಅಪ್ಪನಿಗೆ ಊಟ ಬಡಿಸಿದಳು, ಮಗುವನ್ನು ತೊಡೆಯ ಮೇಲೆ ಹಾಕಿದಳು, ಬಸ್ಸಿಗೆ ಹೊತ್ತಾಯಿತು ಅಂದಳು. ಆಮೇಲೆ ತವರಿಗೆ ಹೋದದ್ದೆಲ್ಲ ಮದುವೆಗೆ, ಸಾವಿಗೆ. ಗೌರಿ ಹಬ್ಬಕ್ಕೆ ತಮ್ಮ ಬಂದು ಕರೆದರೆ, ಆರ್ಡರ್ ಇದೆ ಅನ್ನುತ್ತಿದ್ದಳು. ಅಪ್ಪನೂ ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೀಗೆ ಇಪ್ಪತ್ತು ವರ್ಷದ ಮೇಲಾಯಿತು. ಅಪ್ಪನ ಮನಸ್ಸಿನಲ್ಲಿ ತನಗೆ ಹುಳಕ್ಕಿಂತ ಕೆಳಗಿನ ಜಾಗವೆಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಅದು ಸುಳ್ಳಾಗಲಿ ಎಂಬ ಆಸೆ ಮಾತ್ರ ಎಲ್ಲೋ ಉಳಿದಿತ್ತು, ಇಲ್ಲದಿದ್ದರೆ ಸಿಟ್ಟು ಅಷ್ಟು ವರ್ಷ ಬಾಳುತ್ತಿರಲಿಲ್ಲ.

ಆ ವನಿತಾ ಈಗ ಬೊಮ್ಮನಹಾಳಿನ ಸೊಸೆ. ಹೋದ ವರ್ಷ ಬಸುರಿಯಾದಳು. ಚೊಚ್ಚಲ ಬಾಣಂತನ ತಾಯಿಯ ಮನೆಯದು. ಆದರೆ ತಾಯಿಯ ಮನೆಯ ಹಾಲ್ ತುಂಬ ಮೆಷಿನ್ನು, ಕೋಣೆ ತುಂಬ ಕತ್ತರಿಸಿದ ಬಟ್ಟೆ. ಮೇಲೆ ಮಹಡಿ ಕಟ್ಟಿಸುವ ಮಾತು ಮಾತಾಗಿಯೇ ಇತ್ತು. ಏಳು ತಿಂಗಳಿಗೆ ಬಂದ ವನಿತಾ, ಎಂಟು ತುಂಬುವ ಹೊತ್ತಿಗೆ ಧೂಳಿಗೆ ಕೆಮ್ಮಲು ಶುರುಮಾಡಿದಳು. ಇಲ್ಲಿ ಇರಕೂಡದೆಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದರು.

“ಅಜ್ಜಿ ಊರಿಗೆ ಹೋಗೂಣಮ್ಮ” ಅಂದಳು ವನಿತಾ. “ನರೇಶ ಮಾವ ಹುಳಕ್ಕ ಬ್ಯಾರೆ ಶೆಡ್ ಕಟ್ಸ್ಯಾನಲ್ಲ. ಮನಿ ಖಾಲಿ ಐತಿ.”

“ಆ ಮನೆಗೆ ನಾನು ಕೇಳಕ್ಕೆ ಹೋಗಕಿಲ್ಲ.”

ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ ಚೌಡೇಶ ತಲೆ ಎತ್ತಲಿಲ್ಲ. “ಸಿಟ್ಟು ನಿಂದು. ನೀ ಇಟ್ಕ. ಆಕಿಗ್ಯಾಕ ಪಾಲು ಕೊಡ್ತಿ?”

ಯಾವಾಗಲೂ ಕೆಮ್ಮಿಯೇ ಮಾತು ಮುಗಿಸುವ ಗಂಡ ಇಷ್ಟುದ್ದ ಮಾತಾಡಿದ್ದು ಅಪರೂಪ. ಮಾರನೆಯ ಬೆಳಗ್ಗೆ ಮಮತಾ ರೊಳ್ಳದ ದಾರಿ ಹಿಡಿದಳು.

ಲಕ್ಷ್ಮೀನರಸಪ್ಪ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. ಎಪ್ಪತ್ತು ದಾಟಿದ್ದರೂ ತೋಟದ ಸೊಪ್ಪು ಅವನೇ ಕೊಯ್ಯಬೇಕು. ಮಮತಾ ಚಪ್ಪಲಿ ಬಿಟ್ಟವಳೇ, ನೀರನ್ನೂ ಕುಡಿಯದೆ, ಜಗಳಕ್ಕೆ ಬಂದವಳ ಹಾಗೆ ಹೇಳಿದಳು.

“ಮಗಳ ಬಾಣಂತನ ಇಲ್ಲಿ ಮಾಡ್ಬೇಕು ಅಂತ ಬಂದಿವ್ನಿ. ಹುಳ ಐತೆ, ಆಗಕಿಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬುಡು. ಬಸ್ಸು ಇನ್ನೂ ನಿಂತೈತೆ.”

ಮುದುಕ ಮಸೆಯುವುದು ನಿಲ್ಲಿಸಿದ. ನರೇಶ ಅಪ್ಪನ ಮುಖ, ಅಕ್ಕನ ಮುಖ ನೋಡಿ, ತೊದಲುತ್ತ ವಿಷಯ ಹೇಳಿದ. ಸೊಪ್ಪು ಕೊಯ್ಲಿಗೆ ಬಂದಿತ್ತು, ಮರಿಹುಳಕ್ಕೆ ಹೇಳಿಯಾಗಿತ್ತು, ವನಿತಾಳ ದಿನ ತುಂಬುವ ಹೊತ್ತಿಗೆ ಹುಳ ಕೊನೆಯ ಹಂತದಲ್ಲಿರುತ್ತದೆ. ಶೆಡ್ಡು ಬೇರೆ ಇದ್ದರೇನು? ಬಾಣಂತಿಯನ್ನು ಮುಟ್ಟಿದ ಕೈ ಹುಳ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಇರುವವರೇ ನಾಲ್ಕು ಜನ. ಹಿತ್ತಲ ನೀರೊಲೆಗೂ ಶೆಡ್ಡಿಗೂ ನಡುವೆ ಇರುವುದು ಒಂದು ಅಂಗಳ. “ಈ ಬೆಳೆ ಬಿಟ್ಬುಡಾನ ಅಕ್ಕ” ಎಂದ ನರೇಶ, ಮನಸ್ಸಿಲ್ಲದ ಮನಸ್ಸಿನಿಂದ.

“ಯಾಕ್ ಬಿಡ್ಬೇಕು?” ಅಂದ ಲಕ್ಷ್ಮೀನರಸಪ್ಪ. “ಹುಳನೂ ಬರ್ಲಿ, ಮಗೀನೂ ಬರ್ಲಿ. ನೀನೂ ನಿನ್ನ ಹೆಂಡ್ತಿ ಹುಳದ ಕಡೆ ಇರ್ರಿ. ನಾನೂ ನಿಮ್ಮವ್ವ ಬಾಣಂತಿ ಕಡೆ. ಈ ಸಲ ಬೆಳೆ ಇಳಿಯೋಗಂಟ ನಾನು ಶೆಡ್ಡು ಮೆಟ್ಟಲ್ಲ.”

ತಿಪ್ಪಮ್ಮ ಒಳಗಿನಿಂದ ಓಡಿಬಂದು ಗಂಡನ ಹಣೆ ಮುಟ್ಟಿ ನೋಡಿದಳು. ಮಮತಾ ಅಂತೂ ನಂಬಲಿಲ್ಲ. ಹುಳ ಹಣ್ಣಾಗಲಿ, ಆಗ ಗೊತ್ತಾಗುತ್ತದೆ ಈ ಮಾತಿನ ಬಂಡವಾಳ ಎಂದುಕೊಂಡಳು.

ವನಿತಾಳನ್ನು ಕರೆತಂದದ್ದಾಯಿತು, ದಿನ ತುಂಬಿತು. ಮಡಕಶಿರದ ಆಸ್ಪತ್ರೆಯ ನರ್ಸಮ್ಮ ಹೊರಗೆ ಬಂದು, ತೆಲುಗಿನಲ್ಲಿ “ಆಡಪಿಲ್ಲ, ಬಾಗುಂದಿ” ಎಂದಳು. ಹೆಣ್ಣು, ಚೆನ್ನಾಗಿದೆ ಅಂದದ್ದೇ ತಡ, ಮಮತಾ ಅಲ್ಲೇ ಗೋಡೆಗೆ ಒರಗಿದಳು. ಬಾಣಂತಿ ಮನೆಗೆ ಬರುವ ಮೊದಲೇ ಲಕ್ಷ್ಮೀನರಸಪ್ಪ ಹಿತ್ತಲ ಅಂಗಳದ ನಡುವೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ. ಆಚೆ ಹುಳದವರು, ಈಚೆ ಬಾಣಂತಿಯವರು. ಸಾಂಬ್ರಾಣಿ ಹೊಗೆ ಹಾಕಕೂಡದೆಂದು ನರ್ಸಮ್ಮ ಹೇಳಿ ಕಳಿಸಿದ್ದು ಹುಳಕ್ಕೂ ಅನುಕೂಲವೇ ಆಯಿತು. ಆದರೆ ಸೌದೆ ಒಲೆಯಲ್ಲಿ ಕಾದ ಹಂಡೆ ನೀರೇ ಬಾಣಂತಿಯ ಮೈಗೆ ಹತ್ತುವುದು ಎಂಬ ತಿಪ್ಪಮ್ಮನ ನಂಬಿಕೆಯನ್ನು ಅಲುಗಿಸುವ ನರ್ಸು ಇನ್ನೂ ಹುಟ್ಟಿರಲಿಲ್ಲ. ಗಾಳಿ ಶೆಡ್ಡಿನ ಕಡೆಯಿಂದ ಮನೆಯ ಕಡೆಗೆ ಬೀಸುತ್ತಿತ್ತು. ಹೊಗೆಯ ತೊಂದರೆ ಇರಲಿಲ್ಲ.

ಆ ದಿನಗಳಲ್ಲಿ ಲಕ್ಷ್ಮೀನರಸಪ್ಪನನ್ನು ನೋಡಿದವರು ನಕ್ಕು ನಕ್ಕು ಹೋದರು. ಬೆಳಗ್ಗೆ ಹಂಡೆಗೆ ನೀರು ತುಂಬುವವನು, ಒಲೆ ಹಚ್ಚುವವನು, ಮಗುವಿನ ಬಟ್ಟೆ ಹರವುವವನು ಅವನೇ. ಜೀವ ಮಾತ್ರ ಗೆರೆಯ ಆಚೆಗಿತ್ತು. ಗೆರೆಯ ಹತ್ತಿರ ನಿಂತು ಕೂಗುವನು:

“ಲೇ ನರೇಶ, ಸೊಪ್ಪಿನ ಮೇಲೆ ಇಬ್ಬನಿ ಐತೇನ್ಲಾ? ಒದ್ದೆ ಸೊಪ್ಪು ಇಕ್ಕಬೇಡ!”

“ಇಲ್ಲ ಕಣಪ್ಪೋ!”

“ಮೂಲೇಲಿರೋ ಹುಳ ತಲೆ ಎತ್ತೈತಾ ನೋಡ್ಲಾ!”

“ಚೆನ್ನಾಗೈತೆ ಕಣಪ್ಪ, ನೀನು ಹೋಗಿ ಮಗೀನ ನೋಡ್ಕ!”

ಮುದುಕ ಗೊಣಗುತ್ತ ಬಂದು ಮಗುವಿನ ತೊಟ್ಟಿಲ ಪಕ್ಕ ಕೂರುತ್ತಿದ್ದ. ಮಗು ಅತ್ತರೆ ಏನು ಮಾಡಬೇಕೋ ತೋಚದೆ, “ಏಳವ್ವ, ಉಣ್ಣವ್ವ” ಎಂದು ಪಿಸುಗುಡುತ್ತಿದ್ದ. ಅಡುಗೆಮನೆಯಲ್ಲಿದ್ದ ಮಮತಾಗೆ ಅದು ಕೇಳಿಸಿತು. ಬೇಕೆಂದೇ ಪಾತ್ರೆ ಸದ್ದು ಮಾಡಿದಳು. ಇಷ್ಟಕ್ಕೆಲ್ಲ ಸೋಲುವವಳಲ್ಲ ಅವಳು.

ಪುರುಡು ಕಳೆಯಲು ಇನ್ನೂ ಮೂರು ನಾಲ್ಕು ದಿನವಿತ್ತು. ಅಂದು ಬೆಳಗ್ಗೆ ಶೆಡ್ಡಿನಲ್ಲಿ ಹುಳ ಹಣ್ಣಾಗತೊಡಗಿದ್ದವು. ಕೇರಿಯ ಹೆಂಗಸರು ಆರಿಸಲು ಬಂದು ಕೂತಿದ್ದರು. ಈಚೆ ಕಡೆ ಹಂಡೆಯ ಒಲೆ ಹತ್ತಿಕೊಂಡಿತ್ತು. ಬಚ್ಚಲಲ್ಲಿ ವನಿತಾಳಿಗೆ ಎಣ್ಣೆ ಹಚ್ಚಿ ಕೂರಿಸಿ, ತಿಪ್ಪಮ್ಮ ನೀರಿಗೆ ಕಾಯುತ್ತಿದ್ದಳು. ಆಗ ಗಾಳಿ ತಿರುಗಿತು. ಒಲೆಯಿಂದ ಎದ್ದ ಹೊಗೆ ಮನೆಯ ಸೂರು ಹತ್ತುವ ಬದಲು ಅಂಗಳಕ್ಕೆ ಬಗ್ಗಿ, ಗೆರೆ ದಾಟಿ, ಶೆಡ್ಡಿನ ಜಾಲರಿಯ ಕಡೆಗೆ ನಡೆಯಿತು.

“ಅಪ್ಪಾ, ಹೊಗೆ!” ಎಂದು ನರೇಶ ಕಿರುಚಿದ. “ಹುಳ ಹಣ್ಣಾಗ್ತಾ ಔವೆ ಕಣಪ್ಪ!”

ಹೊಗೆ ಬಡಿದ ಹುಳ ಗೂಡು ಕಟ್ಟದೆ ಬಿದ್ದುಕೊಳ್ಳುತ್ತದೆ. ಇದು ಆ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಒಂದು ತಿಂಗಳ ದುಡಿಮೆ ಕೊನೆಯ ಗಂಟೆಯಲ್ಲಿ ಹಾಳಾಗುತ್ತದೆ. ಮಮತಾ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅಪ್ಪನ ಕೈಯಲ್ಲಿ ನೀರು ತುಂಬಿದ ಬಿಂದಿಗೆ ಇತ್ತು. ಸರಿ, ಈಗ ಒಲೆಗೆ ಸುರಿಯುತ್ತಾನೆ, ಬಾಣಂತಿ ಎಣ್ಣೆಮೈಯಲ್ಲಿ ಚಳಿಗೆ ನಡುಗಲಿ ಅನ್ನುತ್ತಾನೆ ಎಂದುಕೊಂಡಳು. ಇಪ್ಪತ್ತು ವರ್ಷದಿಂದ ಮಸೆದಿಟ್ಟಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು.

ಲಕ್ಷ್ಮೀನರಸಪ್ಪ ಶೆಡ್ಡಿನ ಕಡೆ ನೋಡಿದ. ಬಚ್ಚಲ ಕಡೆ ನೋಡಿದ. ಬಿಂದಿಗೆಯ ನೀರನ್ನು ಹಂಡೆಗೆ ಸುರಿದ. ಕುಕ್ಕರಗಾಲಲ್ಲಿ ಕೂತು ಒಲೆಗೆ ಇನ್ನೊಂದು ಸೌದೆ ಒಟ್ಟಿ, ಊದುಕೊಳವೆಗೆ ಬಾಯಿ ಹಚ್ಚಿದ.

“ಅಪ್ಪಾ!” ನರೇಶ ಮತ್ತೆ ಕೂಗಿದ.

“ಹೋದ್ರೆ ಹೋಗ್ಲಿ ಬಿಡ್ಲಾ! ಬಾಣಂತಿ ನೀರಿಗೆ ಕಾಯ್ತಾ ಕುಂತವ್ಳೆ!” ಐವತ್ತು ವರ್ಷ ಬೀಡಿಯ ಕಿಡಿಯನ್ನೂ ಹತ್ತಿರ ಬಿಡದವನು, ಹಣ್ಣಾದ ಹುಳದ ಎದುರು ಕೂತು ಬೆಂಕಿ ಊದುತ್ತಿದ್ದ.

ಮಮತಾ ಬಯಸಿದ್ದು ಇದನ್ನೇ. ಆದರೆ ಬಯಸಿದ್ದು ಕಣ್ಣೆದುರು ಆದಾಗ ಅವಳಿಗೆ ಒಂದು ಗಳಿಗೆಯೂ ಸಹಿಸಲಾಗಲಿಲ್ಲ. ಅವಳೂ ಆ ಮನೆಯ ಮಗಳೇ. ಶೆಡ್ಡಿನೊಳಗೆ ಜೇನಿನ ಬಣ್ಣದ ಹುಳಗಳು ತಲೆ ಎತ್ತಿ ಜಾಗ ಹುಡುಕುತ್ತಿರುವುದು ಕಣ್ಣಿಗೆ ಕಟ್ಟಿತು.

“ಅಪ್ಪಾ, ನಿಂಗೇನು ತಲೆ ಕೆಟ್ಟೈತಾ? ಹುಳ ಹಣ್ಣಾಗ್ತಾವಂತೆ! ಏಳು ಮೇಲೆ!”

ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಉರಿಯುವ ಸೌದೆಗಳನ್ನು ಒಂದೊಂದೇ ಎಳೆದು ಕಬ್ಬಿಣದ ಬಾಂಡ್ಲಿಗೆ ಹಾಕಿದಳು. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದಳು. “ಗೋಣಿಚೀಲ ನೆನ್ಸಿ ಜಾಲರಿಗೆ ಹೊಚ್ಚೋ ನರೇಶ, ಬಾಯಿ ಬಿಟ್ಕಂಡು ನಿಂತ್ಕಬೇಡ!” ಎಂದು ಕೂಗಿದಳು. ಸೀರೆಯ ಸೆರಗಿನಲ್ಲಿ ಬಾಂಡ್ಲಿಯ ಹಿಡಿ ಹಿಡಿದು, ನಡುಮನೆಯಲ್ಲೇ ಹಾದು ಮುಂಬಾಗಿಲಿಗೆ ಬಂದು, ಬೀದಿಯ ನಡುವೆ ಮೂರು ಕಲ್ಲು ಜೋಡಿಸಿ ಬೆಂಕಿ ಹೂಡಿದಳು. ಮನೆ ನಡುವೆ ಅಡ್ಡ ಇದ್ದುದರಿಂದ ಹೊಗೆ ಹಿತ್ತಲಿಗೆ ಹೋಗದೆ ಬೀದಿಗುಂಟ ಇಳಿದುಹೋಯಿತು. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಂಡೆಯ ನೀರು ತೋಡಿ ತಂದು ಇಟ್ಟಳು. ಹಾಲಿನ ಮೋಟರ್ ಸೈಕಲ್ಲಿನವನು ಹಾರನ್ ಮಾಡಿದ. “ಸುತ್ಕಂಡು ಹೋಗಯ್ಯ, ಇಲ್ಲಿ ಬಾಣಂತಿ ನೀರು ಕಾಯ್ತೈತೆ” ಅಂದಳು. ಅವನು ಸುತ್ತಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ನೀರು ಕುದಿಯಿತು. ತಿಪ್ಪಮ್ಮ ಕೊಡದ ಮೇಲೆ ಕೊಡ ಹೊತ್ತುಕೊಂಡು ಹೋದಳು. ಬಚ್ಚಲಿಂದ ವನಿತಾ, “ಅಜ್ಜಿ, ಸುಡಾಕತ್ತೈತಿ!” ಎಂದು ಅರಚುವುದು, ತಿಪ್ಪಮ್ಮ ಕೇಳದೆ ಸುರಿಯುವುದು ಬೀದಿಗೆ ಕೇಳಿಸುತ್ತಿತ್ತು. ನರೇಶ ಹಿತ್ತಲಿನಿಂದ, “ಹುಳ ಪಸಂದಾಗೈತೆ ಕಣಪ್ಪೋ! ಗೂಡು ಹಿಡಿಯಕ್ಕೆ ಸುರುಮಾಡೈತೆ!” ಎಂದು ಕೂಗಿದ.

ಲಕ್ಷ್ಮೀನರಸಪ್ಪ ಜಗಲಿಯ ಮೇಲೆ ಬಂದು ಕೂತಿದ್ದ. ಬೀದಿಯ ಒಲೆಯನ್ನೇ ನೋಡುತ್ತಿದ್ದ.

“ಅವತ್ತೂ ಹಿಂಗೇ ಬೀದೀಲಿ ಒಲೆ ಹೂಡ್ಬೋದಾಗಿತ್ತು ಕಣವ್ವ” ಅಂದ. “ಎದುರು ಮನೆ ಕದರಪ್ಪ ಅವಾಗ ಒಬ್ನೇ ಇದ್ದ. ಅವನ ಪಡಸಾಲೆ ಕೇಳಿದ್ರೆ ಇಲ್ಲ ಅಂತಿದ್ನಾ? ನಿನ್ನೂ ಮಗೀನೂ ಅಲ್ಲಿಕ್ಕಿ, ಇಲ್ಲಿ ನೀರು ಕಾಯ್ಸಿದ್ರೆ ಆಗೋಗಿತ್ತು. ಹುಳದ ಪಾಡಿಗೆ ಹುಳ. ನಿನ್ನ ಪಾಡಿಗೆ ನೀನು. ನಂಗೆ ಹೊಳೀಲೇ ಇಲ್ಲ.”

ಮಮತಾ ಸೌದೆ ದೂಡುವುದನ್ನು ಬಿಟ್ಟು ಅವನನ್ನು ನೋಡಿದಳು. ಅಪ್ಪ ಹುಳವನ್ನು ಆರಿಸಿಕೊಂಡ, ತನ್ನನ್ನು ಬಿಟ್ಟ ಎಂದು ಇಷ್ಟು ವರ್ಷ ನಂಬಿದ್ದಳು. ಅದಕ್ಕೆಂದೇ ಹಬ್ಬಗಳನ್ನು ಬಿಟ್ಟಳು, ತಮ್ಮನನ್ನು ಬಾಗಿಲಿನಿಂದ ವಾಪಸ್ ಕಳಿಸಿದಳು, ತಾಯಿಯನ್ನು ಅಳಿಸಿದಳು. ನೋಡಿದರೆ ಅವನು ಆರಿಸಿಯೇ ಇರಲಿಲ್ಲ. ಮೂರು ಕಲ್ಲು ಎತ್ತಿ ಬೀದಿಗೆ ಇಡಬಹುದೆಂದು ಒಬ್ಬ ಗಂಡಸಿನ ತಲೆಗೆ ಹೊಳೆಯದೆ ಹೋದದ್ದಕ್ಕೆ ಇಷ್ಟೆಲ್ಲ.

“ನಿಂಗೆ ಹೊಳೀಲಿಲ್ಲ, ಸರಿ” ಅಂದಳು. “ಗೇಟಿನ ತಾವ ನಿಂತ್ಕಳ್ಳೋ ಬದ್ಲು, ಏನವ್ವ ಮಾಡಾನ ಅಂತ ನನ್ನ ಒಂದು ಮಾತು ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?”

ಲಕ್ಷ್ಮೀನರಸಪ್ಪ ಮಗಳ ಮುಖವನ್ನು ನೇರವಾಗಿ ನೋಡಿದ.

“ಕೇಳ್ಬೇಕು ಅಂತ್ಲೂ ಹೊಳೀಲಿಲ್ಲ ಕಣವ್ವ.”

ಮಮತಾ ಬೀದಿಯಲ್ಲಿ, ಹಾದುಹೋಗುವವರ ಎದುರಿಗೇ, ಜೋರಾಗಿ ಅತ್ತಳು. ಆಸ್ಪತ್ರೆಯಲ್ಲಿ, ಜೀಪಿನಲ್ಲಿ, ಆಮೇಲಿನ ವರ್ಷಗಳಲ್ಲಿ ಅಳದೆ ಉಳಿದದ್ದನ್ನೆಲ್ಲ ಅತ್ತಳು. ಮುದುಕ ಗಾಬರಿಯಾಗಿ ಜಗಲಿಯಿಂದ ಇಳಿದು ಬಂದ. ಸಮಾಧಾನ ಮಾಡಲು ಬಾರದೆ, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮಗಳ ತಲೆಯ ಮೇಲೆ ಕೈ ಇಟ್ಟು, “ಏನವ್ವ ಮಾಡಾನ ಈಗ?” ಎಂದು ಕೇಳಿದ.